ಎಕ್ಸ್‌ಚೇಂಜ್ ಅಪ್ಪ

ಎಕ್ಸ್‌ಚೇಂಜ್ ಅಪ್ಪನಿಗೆ ವಯಸ್ಸು ಮೂವತ್ತೈದರ ಆಚೀಚೆ. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಮಹಡಿಗೊಬ್ಬನಂತೆ ಸಿಗುತ್ತಾನೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಈಗ ಅವನಿಗೆ ಬರವಿಲ್ಲ. ಎರಡು ವರ್ಷವಾದ ಫೋನು ಅವನ ಕಣ್ಣಿಗೆ ಹಳತು, ಐದು ವರ್ಷವಾದ ಕಾರು ಮುದಿ. ದಸರಾ ಸೇಲ್ ಶುರುವಾಯಿತೆಂದರೆ ಮನೆಯ ಮಿಕ್ಸಿ, ಟಿವಿ, ವಾಷಿಂಗ್ ಮಷಿನ್‌ಗಳೆಲ್ಲ ಈ ಸಲ ಯಾರ ಸರದಿಯೋ ಎಂದು ಒಂದರ ಮುಖ ಒಂದು ನೋಡಿಕೊಳ್ಳುತ್ತವೆ.

ಹಾಗೆಂದು ಅವನನ್ನು ದುಂದುಗಾರ ಎನ್ನುವಂತಿಲ್ಲ. ಹೊಸದರ ಬೆಲೆ ಕೇಳುವ ಮುಂಚೆ ‘ಹಳೇದಕ್ಕೆ ಎಷ್ಟು ಹಿಡ್ಕೋತೀರಿ?’ ಎಂದು ಕೇಳುವ ಶಿಸ್ತು ಅವನದು. ಈ ವಿದ್ಯೆ ಮನೆತನದಲ್ಲೇ ಇದೆ. ಬುಟ್ಟಿ ಹೊತ್ತು ಬೀದಿಗೆ ಬರುತ್ತಿದ್ದ ಪಾತ್ರೆಯವಳಿಗೆ ಅಂಚು ಹರಿದ ಸೀರೆ, ತಾತನ ಹಳೇ ಪ್ಯಾಂಟು ಕೊಟ್ಟು, ಅರ್ಧ ಗಂಟೆ ಚೌಕಾಸಿ ಮಾಡಿ, ಸ್ಟೀಲ್ ಡಬರಿ ಗೆದ್ದುಕೊಂಡವಳು ಅವನ ಅಜ್ಜಿ. ಬುಟ್ಟಿಯ ಜಾಗಕ್ಕೆ ಈಗ ಆ್ಯಪ್ ಬಂದಿದೆ, ಅಷ್ಟೆ.

ಇಂಥವನ ಮನೆಯಲ್ಲಿ ಒಂದು ಮೊಲ ಇದೆ.

ಮೊಲದ ಹೆಸರು ಪಮ್ಮಿ. ಅದು ಒಂದು ಕಾಲದಲ್ಲಿ ಬಿಳಿಯಾಗಿತ್ತು ಎನ್ನುವುದಕ್ಕೆ ಮಗಳ ನಾಮಕರಣದ ಫೋಟೋ ಒಂದೇ ಸಾಕ್ಷಿ. ಈಗಿನ ಬಣ್ಣ ನೆಲ ಒರೆಸುವ ಬಟ್ಟೆಯದು. ಎಡಗಿವಿ ಚೀಪಿ ಚೀಪಿ ಚಪ್ಪಟೆಯಾಗಿದೆ, ಬಲಗಿವಿ ಪ್ಲೇಹೋಮಿನ ಮೊದಲ ವಾರದಲ್ಲೇ ತೀರಿಕೊಂಡಿತು. ಒಂದು ಕಣ್ಣಿಲ್ಲ, ಇನ್ನೊಂದು ದಾರದಲ್ಲಿ ನೇತಾಡುತ್ತಿದೆ. ಹೊಟ್ಟೆಯ ಹತ್ತಿ ಕಾಲಿಗೆ ಇಳಿದು, ಪಾಪ, ಪಮ್ಮಿಗೆ ಆನೆಕಾಲು. ಹಾಲು, ಜೊಲ್ಲು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಮೂರೂ ಕೂಡಿ ಅದಕ್ಕೊಂದು ಪರಿಮಳ ಬಂದಿದೆ. ಅದನ್ನು ಪರಿಮಳ ಎನ್ನುವುದು ಮಗಳೊಬ್ಬಳೇ. ಅವಳು ಎಲ್‌ಕೆಜಿ, ಪಮ್ಮಿ ಇಲ್ಲದೆ ರಾತ್ರಿ ಕಣ್ಣು ಮುಚ್ಚುವುದಿಲ್ಲ.

ಇದನ್ನು ಕಂಡ ಎಕ್ಸ್‌ಚೇಂಜ್ ಅಪ್ಪನ ಕೈ ಸುಮ್ಮನಿರಲಿಲ್ಲ. ಫೋನು ತೆಗೆದ, ಪಮ್ಮಿಯ ಫೋಟೋ ಹೊಡೆದ, ಇದೇ ತರಹದ್ದು ಎಲ್ಲಿ ಸಿಗುತ್ತದೆಂದು ಹುಡುಕಿದ. ಆ ಸ್ಥಿತಿಯಲ್ಲಿದ್ದ ಪಮ್ಮಿಯನ್ನು ಫೋನು ಗುರುತಿಸಲಾರದೆ ಒಮ್ಮೆ ಚೀಲ ಎಂದಿತು, ಒಮ್ಮೆ ಕಾಲೊರೆಸುವ ಮ್ಯಾಟು ಎಂದಿತು. ಕೊನೆಗೆ ನಾಮಕರಣದ ಫೋಟೋ ತೋರಿಸಿದ ಮೇಲೆ ಮೊಲ ಸಿಕ್ಕಿತು. ಊಟದ ಹೊತ್ತಿಗೆ ಆಫರ್ ಮುಂದಿಟ್ಟ: “ಪುಟ್ಟೀ, ಹಳೇ ಪಮ್ಮೀನ ಕೊಟ್ಬಿಟ್ಟು ಹೊಸ ಪಮ್ಮೀನ ತಗೊಳ್ಳೋಣ್ವಾ?”

“ಪಮ್ಮಿ ಇಲ್ಲೇ ಇದಾಳಲ್ಲಪ್ಪಾ,” ಅಂದಳು ಮಗಳು, ಅಪ್ಪನಿಗೆ ಕಣ್ಣು ಕಾಣುವುದಿಲ್ಲವೇನೋ ಎಂಬಂತೆ.

ಆದರೂ ಹೊಸ ಮೊಲ ಬಂತು. ಎರಡು ಕಿವಿ, ಎರಡು ಕಣ್ಣು, ಕೊರಳಿಗೆ ರಿಬ್ಬನ್. ಮಗಳು ಅದನ್ನು ನಿರಾಕರಿಸಲಿಲ್ಲ. ಅವಳು ಅದಕ್ಕೊಂದು ಹುದ್ದೆ ಕೊಟ್ಟಳು: ಪಮ್ಮಿಗೆ ದಿಂಬು.

ಇದು ಆ ಮನೆಯೊಂದರ ಹಟವಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಬ್ರೂಸ್ ಹುಡ್ ಮತ್ತು ಅಮೆರಿಕದ ಪಾಲ್ ಬ್ಲೂಮ್ ಇದನ್ನೇ ಪ್ರಯೋಗ ಮಾಡಿ 2008ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಮೂರರಿಂದ ಆರು ವರ್ಷದ ಮಕ್ಕಳ ಮುಂದೆ ದೀಪ ಮಿನುಗುವ ಎರಡು ಪೆಟ್ಟಿಗೆ ಇಟ್ಟು, ಇದು ವಸ್ತುಗಳ ಜೆರಾಕ್ಸ್ ತೆಗೆಯುವ ಯಂತ್ರ ಎಂದು ನಂಬಿಸಿದರು. ಒಳಗೆ ನಡೆಯುವುದು ಜಾದೂಗಾರನ ಕೈಚಳಕ. ಸಾಮಾನ್ಯ ಆಟಿಕೆಗಳ ವಿಷಯದಲ್ಲಿ ಮಕ್ಕಳಿಗೆ ತಕರಾರಿರಲಿಲ್ಲ, ನಕಲೇ ಬೇಕೆಂದವರೂ ಇದ್ದರು. ಅಪ್ಪಿಕೊಂಡು ಮಲಗುವ ಗೊಂಬೆಯ ಮಾತು ಬಂದಾಗ ಕೆಲವರು ಅದನ್ನು ಪೆಟ್ಟಿಗೆಯೊಳಗೆ ಇಡಲಿಕ್ಕೇ ಬಿಡಲಿಲ್ಲ. ಇಟ್ಟವರಲ್ಲೂ ಹೆಚ್ಚಿನವರು ಅಸಲನ್ನೇ ವಾಪಸು ಕೇಳಿದರು. ಹೆಂಡತಿ ಈ ವಿಷಯವನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದಳು. ಎಕ್ಸ್‌ಚೇಂಜ್ ಅಪ್ಪ ಓದಿ ಒಂದೇ ಸಾಲು ಉತ್ತರಿಸಿದ: “ಸ್ಯಾಂಪಲ್ ಸೈಜ್ ಕಮ್ಮಿ.”

ಈ ಜಾತಿಯಲ್ಲಿ ಒಳಪಂಗಡಗಳೂ ಉಂಟು. ಒಬ್ಬ ಮುಂಜಾಗ್ರತೆಯವನು. ಮಗು ಯಾವುದಕ್ಕೆ ಅಂಟಿಕೊಳ್ಳುತ್ತದೆಂದು ಗೊತ್ತಾದ ಕೂಡಲೇ ಅಂಥದ್ದೇ ಇನ್ನೊಂದು ತಂದು ಬೀರುವಿನಲ್ಲಿಡುತ್ತಾನೆ. ಉಪಾಯ ಒಳ್ಳೆಯದೇ, ಆದರೆ ವಾರಕ್ಕೊಂದರಂತೆ ಎರಡನ್ನೂ ಬಳಕೆಗೆ ಬಿಡಬೇಕು. ಬೀರುವಿನಲ್ಲೇ ಮರೆತರೆ ಎರಡು ವರ್ಷದ ನಂತರ ಹೊರಬರುವುದು ಮಗುವಿನ ಪಾಲಿಗೆ ಅಪರಿಚಿತ ಮೊಲ. ಇನ್ನೊಬ್ಬ ನಡುರಾತ್ರಿಯವನು. ಮಗು ಮಲಗಿದ ಮೇಲೆ ತುದಿಗಾಲಲ್ಲಿ ಹೋಗಿ ಹಳತನ್ನು ಎಳೆದು ಹೊಸತನ್ನು ತುರುಕುತ್ತಾನೆ. ಮಗು ನಿದ್ದೆಯಲ್ಲೇ ಮೂಗಿಗೆ ಹಿಡಿದು, ಅಂಗಡಿಯ ವಾಸನೆ ಬಡಿದು, ಎದ್ದು ಕೂತು, ಇಡೀ ಮಹಡಿಗೆ ಕೇಳುವಂತೆ ಕಿರುಚುತ್ತದೆ. ಮರುದಿನ ಲಿಫ್ಟಿನಲ್ಲಿ ಸಿಕ್ಕ ನೆರೆಯವರು “ಮಗೂಗೆ ಹುಷಾರಿಲ್ವಾ?” ಎಂದು ಕೇಳುತ್ತಾರೆ. “ಹಲ್ಲು ಬರ್ತಿದೆ” ಎನ್ನುತ್ತಾನೆ.

ನಮ್ಮ ನಾಯಕ ಈ ಇಬ್ಬರ ಪೈಕಿಯವನಲ್ಲ. ಅವನು ವೈಜ್ಞಾನಿಕ ಮನೋಭಾವದವನು. ಬದಲಿಸಲಾಗದಿದ್ದರೆ ಕನಿಷ್ಠ ಶುಚಿ ಮಾಡೋಣ ಎಂದ. ಮೆತ್ತನೆ ಗೊಂಬೆಗಳಲ್ಲಿ ಧೂಳಿನ ನುಸಿಗಳು ಸೇರುತ್ತವೆ, ಕೆಲವು ಮಕ್ಕಳಿಗೆ ಅದರಿಂದ ಸೀನು, ಉಬ್ಬಸ ಕೆರಳುತ್ತದೆ. ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ಅಷ್ಟು ಬಿಸಿ ತಡೆಯದ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಆಮೇಲೆ ಒಗೆಯಬೇಕು. ಇದು ಅಲರ್ಜಿ ವೈದ್ಯರು ಕೊಡುವ ಸಲಹೆಯೇ. ಅವನು ಫ್ರೀಜರ್ ದಾರಿ ಹಿಡಿದ. ಅವತ್ತೇ ಮನೆಗೆ ಬಂದ ಚಿಕ್ಕಪ್ಪ, ಜ್ಯೂಸಿಗೆ ಐಸ್ ತಗೋತೀನಿ ಎಂದು ಫ್ರೀಜರ್ ತೆರೆದು, ಹಸಿ ಬಟಾಣಿ ಪೊಟ್ಟಣದ ಪಕ್ಕ ಒಂಟಿ ಕಣ್ಣಿನಿಂದ ತನ್ನನ್ನೇ ನೋಡುತ್ತಿದ್ದ ಪಮ್ಮಿಯನ್ನು ಕಂಡು, ಐಸ್ ಬೇಡ ಎಂದು ಹೊರಬಂದರು. ಒಗೆದ ದಿನ ಮಗಳು ಬಾಲ್ಕನಿಯಲ್ಲಿ, ಬಟ್ಟೆ ಹಗ್ಗದ ಕೆಳಗೆ, ಕುರ್ಚಿ ಹಾಕಿಕೊಂಡು ಕೂತಳು. ಪಮ್ಮಿ ಒಣಗುವ ತನಕ ಊಟ ಅಲ್ಲಿಗೇ ಸಪ್ಲೈ.

ಡೊನಾಲ್ಡ್ ವಿನಿಕಾಟ್ ಎಂಬ ಬ್ರಿಟಿಷ್ ಮಕ್ಕಳ ವೈದ್ಯ ಇದ್ದಿದ್ದರೆ ಈ ಒಗೆತಕ್ಕೂ ಹುಬ್ಬು ಗಂಟಿಕ್ಕುತ್ತಿದ್ದರು. 1953ರಲ್ಲಿ ಪ್ರಕಟವಾದ ಹೆಸರಾಂತ ಪ್ರಬಂಧದಲ್ಲಿ ಅವರು ಹೇಳುವುದು ಹೀಗೆ: ತಾಯಿಯ ಮಡಿಲಿಗೂ ಹೊರಜಗತ್ತಿಗೂ ನಡುವೆ ಮಗು ತಾನೇ ಆರಿಸಿಕೊಂಡ ಸಂಗಾತಿ ಅದು, ನಾರಿದರೂ ತಾಯಿ ಅದನ್ನು ಹಾಗೇ ಬಿಡುತ್ತಾಳೆ, ಒಗೆದರೆ ಮಗುವಿನ ಅನುಭವದ ಎಳೆ ನಡುವೆ ಕಡಿದಂತಾಗುತ್ತದೆಂದು ಅವಳಿಗೆ ಗೊತ್ತು. ಕೊಳಕು ಮೊಲದ ಪರ ವಾದಿಸಿದ ವೈದ್ಯರು ಅಪರೂಪ. ಎಕ್ಸ್‌ಚೇಂಜ್ ಅಪ್ಪನಿಗೆ ಅವರ ಹೆಸರು ಹೇಳಿದರೆ, “ಅವರ ಕಾಲದಲ್ಲಿ ಆನ್‌ಲೈನ್ ಎಲ್ಲಿತ್ತು?” ಎನ್ನುತ್ತಾನೆ.

ಮುಂದಿನ ಪ್ರಯತ್ನ ಚನ್ನಪಟ್ಟಣದಲ್ಲಿ. ಮೈಸೂರಿಗೆ ಹೋಗುವಾಗ ಹಳೇ ರಸ್ತೆ ಹಿಡಿದು, ಮರದ ಆಟಿಕೆ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದ. ಆಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುವಾಗಲೇ ಅರಗಿನ ಬಣ್ಣ ಒತ್ತಿ, ಕೇದಗೆಯ ಗರಿಯಿಂದ ಉಜ್ಜಿ ಹೊಳಪು ತರುವ ಕೆಲಸ ಅಲ್ಲಿಯದು. ಭೌಗೋಳಿಕ ಗುರುತು ಪಡೆದ ಕಸುಬು. ಹತ್ತಿ ಉದುರುವುದಿಲ್ಲ, ಒಗೆಯಬೇಕಿಲ್ಲ. ಮಗಳಿಗೆ ಮರದ ರೈಲು ಬಹಳ ಹಿಡಿಸಿತು. ಪಮ್ಮಿಯನ್ನು ಅದರಲ್ಲಿ ಕೂರಿಸಿ ಮನೆಯೆಲ್ಲ ಎಳೆದಳು. ರಾತ್ರಿ ರೈಲು ಮಂಚದ ಕೆಳಗೆ, ಪಮ್ಮಿ ಕಂಕುಳಲ್ಲಿ. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೊ 1950ರ ದಶಕದ ಕೊನೆಯಲ್ಲಿ ತಾಯಿಯಿಂದ ಬೇರೆ ಮಾಡಿದ ಮರಿ ಕೋತಿಗಳಿಗೆ ಎರಡು ಬೊಂಬೆ ತಾಯಂದಿರನ್ನು ಕೊಟ್ಟಿದ್ದ, ಒಂದು ತಂತಿಯದು, ಇನ್ನೊಂದು ಮೆತ್ತನೆ ಬಟ್ಟೆಯದು. ಹಾಲು ತಂತಿಯವಳಲ್ಲಿದ್ದಾಗಲೂ ಮರಿಗಳು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿದ್ದು, ಮಿಕ್ಕ ಹೊತ್ತೆಲ್ಲ ಬಟ್ಟೆಯವಳನ್ನೇ ತಬ್ಬಿ ಕೂರುತ್ತಿದ್ದವು. ಪ್ರಯೋಗ ಕ್ರೂರ, ಫಲಿತಾಂಶ ನಿಚ್ಚಳ. ಚನ್ನಪಟ್ಟಣದ ರೈಲಿನ ಮೇಲೆ ತಪ್ಪಿಲ್ಲ, ಅದನ್ನು ತಬ್ಬಿ ಮಲಗಲು ಬರುವುದಿಲ್ಲ ಅಷ್ಟೆ.

ವಿಚಿತ್ರವೆಂದರೆ ಹಳೆಯ ಗೊಂಬೆಗಳಿಗೆ ಆ ಮನೆಯಲ್ಲಿ ಮರ್ಯಾದೆಯಿಲ್ಲ ಎಂದೇನೂ ಅಲ್ಲ. ನವರಾತ್ರಿ ಬಂತೆಂದರೆ ಅವನ ತಾಯಿ ಟ್ರಂಕು ಇಳಿಸಿ, ಹಳೇ ಪಂಚೆ ಬಿಚ್ಚಿ, ಪಟ್ಟದ ಬೊಂಬೆಗಳನ್ನು ಹೊರತೆಗೆಯುತ್ತಾರೆ. ರಾಜನ ಮೂಗಿನ ತುದಿ ಸವೆದಿದೆ, ರಾಣಿಯ ಬಣ್ಣ ಅಲ್ಲಲ್ಲಿ ಎದ್ದಿದೆ. ತವರಿನಿಂದ ಮದುವೆಯಲ್ಲಿ ಬಂದವು. ಮೂಗಿಲ್ಲದ ರಾಜನಿಗೆ ಹೊಸ ಪಂಚೆ ಉಡಿಸಿ, ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ಆರತಿ ಎತ್ತುವ ಮನೆಯಲ್ಲೇ ಕಿವಿಯಿಲ್ಲದ ಮೊಲಕ್ಕೆ ಕಸದ ಬುಟ್ಟಿಯ ಶಿಕ್ಷೆ!

ಜಗತ್ತೂ ಹಳೆಯ ಗೊಂಬೆಗಳನ್ನು ಮರ್ಯಾದೆಯಿಂದಲೇ ಕಂಡಿದೆ. ವಿನ್ನಿ ದ ಪೂ ಕಥೆಗಳಿಗೆ ಮೂಲವಾದ ಕರಡಿಯನ್ನು 1921ರಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿಯಲ್ಲಿ, ಲೇಖಕ ಎ. ಎ. ಮಿಲ್ನ್ ಅವರ ಮಗ ಕ್ರಿಸ್ಟೋಫರ್ ರಾಬಿನ್‌ನ ಮೊದಲ ಹುಟ್ಟುಹಬ್ಬಕ್ಕೆಂದು ಕೊಂಡರು. ಸವೆದು, ತೇಪೆ ಬಿದ್ದ ಆ ಕರಡಿ, ಜೊತೆಗೆ ಕತ್ತೆ, ಹುಲಿ, ಹಂದಿಮರಿ, ಕಾಂಗರೂ, 1987ರಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಸ್ವತ್ತು. 1998ರಲ್ಲಿ ಬ್ರಿಟನ್ನಿನ ಸಂಸದೆಯೊಬ್ಬರು ಅವನ್ನು ತಾಯ್ನಾಡಿಗೆ ಮರಳಿಸಿ ಎಂದು ದನಿಯೆತ್ತಿ ಸುದ್ದಿಯಾದರು. ಗ್ರಂಥಾಲಯದವರು ಬಿಟ್ಟುಕೊಡಲಿಲ್ಲ, ಬದಲಿಗೆ ಮುಂದೊಂದು ದಿನ ತಜ್ಞರಿಂದ ದುರಸ್ತಿ ಮಾಡಿಸಿ 2016ರಲ್ಲಿ ಮತ್ತೆ ಗಾಜಿನ ಹಿಂದೆ ಕೂರಿಸಿದರು. ಹೊಸ ಕರಡಿ ತರುವುದು ಅವರಿಗೆ ಕಷ್ಟವಿರಲಿಲ್ಲ, ನ್ಯೂಯಾರ್ಕಿನಲ್ಲಿ ಆಟಿಕೆ ಅಂಗಡಿಗಳಿಗೇನೂ ಬರವಿರಲಿಲ್ಲ.

ಕೊನೆಗೆ ಹೆಂಡತಿ ವಾದಕ್ಕೆ ನಿಲ್ಲುವುದನ್ನು ಬಿಟ್ಟು ಬೀರು ತೆರೆದಳು. ಒಳಗಿನಿಂದ ಒಂದು ಎಚ್‌ಎಂಟಿ ಜನತಾ ವಾಚು ತೆಗೆದಳು. ಅದು ಅವನ ಅಪ್ಪನದು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಮಾಲು. ಗಾಜಿಗೆ ಗೀರು ಬಿದ್ದಿದೆ, ಬೆಲ್ಟು ಕಿತ್ತಿದೆ, ಕೀ ಕೊಟ್ಟರೂ ಓಡುವುದಿಲ್ಲ.

“ರೀ, ಇದಕ್ಕೆ ಎಷ್ಟು ಹಿಡ್ಕೋತಾರೆ ಕೇಳಿ. ಒಂದು ಸ್ಮಾರ್ಟ್ ವಾಚ್ ಬರಬಹುದು.”

ಎಕ್ಸ್‌ಚೇಂಜ್ ಅಪ್ಪ ವಾಚನ್ನು ಕಿತ್ತುಕೊಂಡ. ಕಿತ್ತುಕೊಂಡ ರೀತಿ ಥೇಟ್ ಮಗಳದು. “ಎಚ್‌ಎಂಟಿ ವಾಚ್ ಕಂಪನೀನ 2016ರಲ್ಲಿ ಮುಚ್ಚಿಬಿಟ್ರು ಕಣೇ, ಇಂಥದ್ದು ಇನ್ನು ಸಿಗಲ್ಲ,” ಎಂದ. “ಪಮ್ಮಿ ಕಂಪನೀನೂ ಮುಚ್ಚಿದೆ,” ಅಂದಳು ಒಳಗಿನಿಂದ ಮಗಳು, ಏನೂ ಅರ್ಥವಾಗದೆ.

ಒಂದು ವಿಷಯದಲ್ಲಿ ಮಾತ್ರ ಅವನ ಪರ ನಿಲ್ಲಲೇಬೇಕು. ನೇತಾಡುತ್ತಿರುವ ಆ ಕಣ್ಣು ನಿಜಕ್ಕೂ ಅಪಾಯ. ಕಿತ್ತು ಬಂದ ಗುಂಡಿ, ಮಣಿ, ಪ್ಲಾಸ್ಟಿಕ್ ಮೂಗು ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಮೂರು ವರ್ಷದೊಳಗಿನವರಿಗಂತೂ ಇನ್ನೂ ಹೆಚ್ಚು. ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಆದರೆ ಗುರುತಿರುವ ಗೊಂಬೆಯೂ ನಾಲ್ಕು ವರ್ಷದ ಚೀಪಾಟಕ್ಕೆ ಸಡಿಲವಾಗುತ್ತದೆ. ಹೊಲಿಗೆ ಬಿಟ್ಟು ಹತ್ತಿ ಹೊರಬಂದರೆ, ಬೂಷ್ಟು ಹಿಡಿದರೆ ಸುಮ್ಮನಿರುವಂತಿಲ್ಲ.

ಇದಕ್ಕೆ ಪರಿಹಾರ ಧಾರವಾಡದಿಂದ ಬಂತು. ಹಳೇ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿದು ಪಳಗಿದ ಕೈ ಅವನ ಅತ್ತೆಯದು. “ಇರ್ಲಿ ತಗೋರಿ, ಅದರಾಗೇನದ. ನಾ ಕಣ್ಣ ಹಾಕಿ ಕೊಡ್ತೀನಿ,” ಎಂದು ಸೂಜಿ ಹಿಡಿದರು. ಗುಂಡಿ ಕಿತ್ತು, ಕಪ್ಪು ದಾರದಲ್ಲಿ ಎರಡು ಕಣ್ಣು ಹೆಣೆದರು. ಹೊಟ್ಟೆ ಬಿಚ್ಚಿ ಹೊಸ ಹತ್ತಿ ತುಂಬಿ, ಮೇಲೆ ಇಳಕಲ್ ಸೀರೆಯ ಸೆರಗಿನ ತೇಪೆ ಹಾಕಿದರು. ಬಲಗಿವಿಯನ್ನೂ ಹೊಲಿಯಲು ಹೋದಾಗ ಮಗಳು ತಡೆದಳು, “ಅಜ್ಜಿ, ಪಮ್ಮಿಗೆ ಒಂದೇ ಕಿವಿ.” ಅಲ್ಲಿಗೆ ಆಪರೇಷನ್ ನಿಂತಿತು. ಖರ್ಚು: ಒಂದು ಉಂಡೆ ದಾರ. ಎಕ್ಸ್‌ಚೇಂಜ್ ಅಪ್ಪನ ಲೆಕ್ಕಕ್ಕೆ ಇಷ್ಟು ಅಗ್ಗದ ವ್ಯವಹಾರ ಹಿಂದೆಂದೂ ಬಂದಿರಲಿಲ್ಲ. ಆದರೂ ಎಲ್ಲೋ ಮೋಸಹೋದವನಂತೆ ಕಂಡ.

ಮಗು ಅಪಾಯದಲ್ಲಿಲ್ಲದಿದ್ದರೆ ಮೊಲವನ್ನು ಬದಲಿಸುವ ಅಧಿಕಾರ ಮಗುವಿನದೇ. ಹೆಚ್ಚಿನ ಮಕ್ಕಳು ಶಾಲೆ, ಸ್ನೇಹಿತರು ಎಂದು ಬೆಳೆದಂತೆ ತಾವಾಗಿಯೇ ಅದನ್ನು ಮೂಲೆಗೆ ಸರಿಸುತ್ತಾರೆ, ಅದಕ್ಕೆ ಯಾವ ಆಫರೂ ಬೇಕಾಗುವುದಿಲ್ಲ. ಅಲ್ಲಿಯವರೆಗೆ ಎಕ್ಸ್‌ಚೇಂಜ್ ಅಪ್ಪಂದಿರಲ್ಲಿ ಒಂದು ವಿನಂತಿ: ತಡೆಯಲಾರದೆ ಹೊಸದನ್ನು ಆರ್ಡರ್ ಮಾಡಿಯೇ ಬಿಟ್ಟಿದ್ದರೆ ಡಬ್ಬ ಹರಿಯಬೇಡಿ, ಬಿಲ್ಲು ಜೋಪಾನವಾಗಿಡಿ. ವಾಪಸು ಕೊಡುವ ಗಡುವು ಮುಗಿಯುವ ಮೊದಲೇ ಮಗು ತನ್ನ ತೀರ್ಮಾನ ಹೇಳಿರುತ್ತದೆ.