ರಾಜಿ ಕಾಕಾ

ಚಿಕ್ಕೋಡಿ ಸೀಮೆಯ ಯಾವ ಊರಿಗೆ ಹೋದರೂ ಒಬ್ಬ ರಾಜಿ ಕಾಕಾ ಇದ್ದೇ ಇರುತ್ತಾರೆ. ರಾಯಬಾಗದಲ್ಲಿ ಇದ್ದಾರೆ, ಅಥಣಿಯಲ್ಲಿ ಓಣಿಗೊಬ್ಬರು, ಕಾಗವಾಡದವರಂತೂ ಗಡಿ ದಾಟಿ ಮಿರಜಿಗೂ ಹೋಗಿ ನ್ಯಾಯ ಹೇಳಿ ಬರುವವರು. ನಾನು ಹೇಳುತ್ತಿರುವವರು ಚಿಕ್ಕೋಡಿಗೂ ನಿಪ್ಪಾಣಿಗೂ ನಡುವಿನ ಒಂದು ಊರಿನವರು. ಹೆಸರು ಬೇಡ. ಹೇಳಿದರೆ ನಾಳೆಯೇ ನನ್ನ ಮೇಲೊಂದು ಪಂಚಾಯಿತಿ ಕೂರುತ್ತದೆ, ಅದಕ್ಕೂ ಅವರೇ ಪಂಚರು.

ತಲೆಗೆ ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಧೋತರ, ಕಾಲಿಗೆ ಅಥಣಿಯ ಚಪ್ಪಲಿ. ಚಪ್ಪಲಿಯ ಕಿರುಗುಟ್ಟುವ ಸದ್ದು ಮೊದಲು ಬರುತ್ತದೆ, ಕಾಕಾ ಆಮೇಲೆ ಬರುತ್ತಾರೆ. ಜಗಳಾಡುತ್ತಿರುವವರಿಗೆ ದನಿ ತಗ್ಗಿಸಲು ಅಷ್ಟು ಹೊತ್ತು ಸಾಕು. ಕಿಸೆಯಲ್ಲಿ ನಿಪ್ಪಾಣಿ ತಂಬಾಕಿನ ಚಂಚಿ, ಸುಣ್ಣದ ಡಬ್ಬಿ. ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಎರಡೂ ಕಡೆಯವರ ಮಾತು ಕೇಳುತ್ತಾರೆ. ಎರಡೂ ಕಡೆಯವರ ಚಹಾ ಕುಡಿಯುತ್ತಾರೆ. ತಿಕ್ಕುವುದು ನಿಂತಿತೋ, ತೀರ್ಪು ಬಂತೆಂದು ಲೆಕ್ಕ.

ಬದು ಒತ್ತಿದ್ದು, ಬಾವಿ ನೀರಿನ ಪಾಳಿ, ಕಬ್ಬು ಕಡಿಯುವ ಗ್ಯಾಂಗು ಮೊದಲು ಯಾರ ಹೊಲಕ್ಕೆ ಇಳಿಯಬೇಕೆಂಬುದು, ಸಕ್ಕರೆ ಕಾರ್ಖಾನೆಯ ಚುನಾವಣೆಯಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಪ್ಯಾನೆಲ್ಲುಗಳಿಂದ ನಿಂತದ್ದು, ಹೀಗೆ ತಂಟೆಗಳು ನೂರು. ಕಾಕಾ ಕೊಡುವ ಮದ್ದು ಒಂದೇ. “ನೀ ಒಂದ್ ಹೆಜ್ಜಿ ಹಿಂದ ಸರಿ, ಅಂವಾ ಒಂದ್ ಹೆಜ್ಜಿ ಹಿಂದ ಸರೀತಾನ.” ಸರಿದ ಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಿ ಒಂದೇ ತಾಟಿನಲ್ಲಿ ಉಣ್ಣಿಸುತ್ತಾರೆ. ಅನ್ನ ಹಂಚಿಕೊಂಡವನ ಮೇಲೆ ಕೈ ಎತ್ತುವುದು ಕಷ್ಟ ಎಂಬುದು ಅವರ ಸಿದ್ಧಾಂತ. ವಾಟ್ನಿ, ಅಂದರೆ ಮನೆ ಪಾಲಾಗುವುದು, ಎಂಬ ಮಾತು ಕೇಳಿದರೆ ಮಾತ್ರ ಮೈಯೆಲ್ಲ ಉರಿ. ಎಷ್ಟೋ ಮನೆಗಳಲ್ಲಿ ಒಲೆ ಎರಡಾಗುವುದನ್ನು ತಪ್ಪಿಸಿದ್ದಾರೆ. ಆ ಮನೆಗಳ ಸೊಸೆಯಂದಿರು ಇದಕ್ಕಾಗಿ ಅವರನ್ನು ಇನ್ನೂ ಕ್ಷಮಿಸಿಲ್ಲ ಎಂಬುದು ಬೇರೆ ಮಾತು.

ಇಂಥ ಕಾಕಾನ ಮನೆಗೇ ಒಂದು ತಂಟೆ ಬಂತು. ಹಿರಿಯ ಮಗ ಪುಣೆಯಲ್ಲಿ ಕಂಪನಿ ನೌಕರ. ದೀಪಾವಳಿಗೆ ಬರುವಾಗ ಮಗಳ ಹಟಕ್ಕೆ ಕೊಲ್ಲಾಪುರದಲ್ಲಿ ಇಳಿದು ಎರಡು ಗಿನಿಪಿಗ್ ಕೊಂಡುತಂದ. ಹಬ್ಬ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಹೋದ, ಗಿನಿಪಿಗ್ ಬಿಟ್ಟುಹೋದ. ಎರಡೂ ಗಂಡು. ಗಿಣಿ ಸಾಕುವ ಪಂಜರದಷ್ಟೇ ಗೂಡು, ಒಂದು ಬಟ್ಟಲು, ಒಂದು ನೀರಿನ ಬಾಟಲಿ. ಕಾಕಾನ ಹೆಂಡತಿ, ಊರಿಗೆಲ್ಲ ಆಯಿ, ಬಗ್ಗಿ ನೋಡಿ, “ಹೆಗ್ಗಣಕ್ಕ ಮಾರಿ ತೊಳಸಿ ತಂದಾನೇನ ಇಂವಾ?” ಎಂದರು. ಪೆರು ದೇಶದ ಗುಡ್ಡಗಾಡಿನ ಜನ ಇವನ್ನು ಸಾವಿರಾರು ವರ್ಷಗಳಿಂದ ಸಾಕುತ್ತಿದ್ದಾರೆ, ಸಾಕುವುದು ತಿನ್ನುವುದಕ್ಕೇ ಎಂದು ಯಾರೋ ಹೇಳಿದ ಮೇಲೆ ಮಾತ್ರ, ಉಳ್ಳಾಗಡ್ಡಿಯನ್ನೂ ಅನುಮಾನದಿಂದ ನೋಡುವ ಆಯಿಗೆ ಕರುಳು ಚುರುಕ್ ಎಂದಿತು. ಅಂದಿನಿಂದ ಕೋತಂಬರಿ ಸೂಡಿನ ಅರ್ಧ ಪಲ್ಯಕ್ಕೆ, ಅರ್ಧ ಪಂಜರಕ್ಕೆ.

ಊರಲ್ಲೇ ಇರುವ ಕಿರಿಯ ಮಗನ ಮಗಳು ಅವುಗಳ ಉಸ್ತುವಾರಿ ವಹಿಸಿಕೊಂಡಳು. ಅವಳು ಇಟ್ಟ ಚೆಂದದ ಹೆಸರುಗಳು ಕಾಕಾನ ಬಾಯಲ್ಲಿ ನಿಲ್ಲಲಿಲ್ಲ. ದಪ್ಪನೆಯದು ಹಿರ್ಯಾ, ಸಣ್ಣದು ಕಿರ್ಯಾ ಆದವು. ಅವರ ಎಲ್ಲ ವ್ಯಾಜ್ಯಗಳಲ್ಲೂ ಕಕ್ಷಿದಾರರ ಹೆಸರು ಇವೇ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಮೂರು ನಾಲ್ಕು ತಿಂಗಳ ಪ್ರಾಯ ತುಂಬುತ್ತಲೇ ಗಂಡು ಗಿನಿಪಿಗ್ಗಿಗೆ ಮೀಸೆ ಚಿಗುರಿದ ಹುಡುಗರ ಬುದ್ಧಿ ಬರುತ್ತದೆ. ಒಂದು ಸಂಜೆ ಹಿರ್ಯಾ ಸೊಂಟ ತೂಗುತ್ತ, ಗುರ್‌ಗುರ್ ಎನ್ನುತ್ತ ಕಿರ್ಯಾನ ಸುತ್ತ ಪ್ರದಕ್ಷಿಣೆ ಹಾಕತೊಡಗಿತು. ಕಿರ್ಯಾ ಹಲ್ಲು ಕಟಕಟ ಎನಿಸಿತು. ಎರಡರ ಕುತ್ತಿಗೆಯ ಕೂದಲೂ ನೆಟ್ಟಗಾದವು. ಹಿರ್ಯಾ ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡೂ ಕಾಣುವಂತೆ ಬಾಯಿ ಅಗಲಿಸಿ ಆಕಳಿಸಿತು.

“ಪಾಪ, ನಿದ್ದಿ ಬಂದೈತಿ. ಈಗ ಮಲಕೊಂತಾವ,” ಎಂದರು ಕಾಕಾ.

ಮಲಗಲಿಲ್ಲ. ಎರಡೂ ಮೇಲಕ್ಕೆ ಹಾರಿ ಒಂದರೊಳಗೊಂದು ಉಂಡೆಯಾಗಿ ಉರುಳಿದವು. ಕೂದಲು ಹಾರಿತು, ಬಟ್ಟಲು ಮಗುಚಿತು. ನಲವತ್ತು ವರ್ಷ ಊರ ಜಗಳ ಬಿಡಿಸಿದ ಕೈ ಸುಮ್ಮನಿದ್ದೀತೆ? “ಬಿಡ್ರೋ, ಬಿಡ್ರೋ, ಹಿಂದ ಸರೀರಿ,” ಎನ್ನುತ್ತ ಕಾಕಾ ನಡುವೆ ಕೈ ಹಾಕಿದರು. ಇಬ್ಬರು ಕಕ್ಷಿದಾರರೂ ಹಿಂದೆ ಸರಿಯಲಿಲ್ಲ. ಒಬ್ಬನಂತೂ ಪಂಚರ ತೋರುಬೆರಳಿಗೇ ಹಲ್ಲು ಊರಿದ. ಮೊಮ್ಮಗಳು ಓಡಿಬಂದು ದಪ್ಪನೆಯ ಟಾವೆಲ್ಲನ್ನು ಎರಡರ ಮೇಲೂ ಹಾಕಿ, ನಡುವೆ ಕಸದ ಮೊರ ತೂರಿಸಿ ಬೇರೆ ಮಾಡಿದಳು. ಕೈ ಹಾಕಲೇಬಾರದು, ಬಟ್ಟೆ ಹಾಕಬೇಕು ಎಂದು ಅವಳಿಗೆ ಗೊತ್ತಿತ್ತು. ಕಾಕಾಗೆ ಆಗ ಗೊತ್ತಾಯಿತು.

ಕಿರ್ಯಾನ ಹಿಂಭಾಗದಲ್ಲಿ ಎರಡು ಗಾಯ, ಕಿವಿ ಹರಿದಿತ್ತು. ಆಯಿ ಅರಿಷಿಣದ ಡಬ್ಬಿ ತಂದರು. ಕಾಕಾ ಚಂಚಿ ಬಿಚ್ಚಿ ತಮ್ಮ ಬೆರಳಿಗೆ ಒಂದು ಚಿಟಿಕೆ ತಂಬಾಕು ಒತ್ತಿಕೊಂಡು, ಇನ್ನೊಂದು ಚಿಟಿಕೆ ಕಿರ್ಯಾನಿಗೆ ಹಿಡಿದರು. ನಮ್ಮ ಕಡೆ ಕುಡಗೋಲು ತಾಗಿದರೂ ಅದೇ, ಚಪ್ಪಲಿ ಕಚ್ಚಿದರೂ ಅದೇ. “ಅಜ್ಜಾ, ಅದು ನೆಕ್ಕಿದ್ರ ಸಾಯ್ತೈತಿ,” ಎಂದು ಹುಡುಗಿ ಕೈ ತಡೆದಳು. ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ಗಾಯ ತೊಳೆದಳು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿದಳು. ಆಮೇಲೆ ಬದನೆಕಾಯಿ ಬುಟ್ಟಿಯಲ್ಲಿ ಹಳೆಯ ಧೋತರ ಹಾಸಿ, ಅಜ್ಜ ಮೊಮ್ಮಗಳು ದನದ ದವಾಖಾನೆಗೆ ಹೊರಟರು.

ಅಲ್ಲಿ ಎಮ್ಮೆಗಳ ಸಾಲು. ಗರ್ಭ ಕಟ್ಟಿಸಲು ಬಂದವು, ಕೆಚ್ಚಲು ಬಾವು ಬಂದವು. ನಡುವೆ ಬುಟ್ಟಿ ಹಿಡಿದ ಕಾಕಾ. “ಏನ್ ಕಾಕಾ, ಬುಟ್ಟ್ಯಾಗ ಯಾವ ಪಾರ್ಟಿ ಐತ್ರಿ?” ಎಂದು ಯಾರೋ ಕೇಳಿದರು. ತಾವು ತೀರ್ಪು ಕೊಟ್ಟ ಜನರ ಮುಂದೆಯೇ ಪಾಳಿ ಹಿಡಿದು ನಿಲ್ಲುವ ಕಷ್ಟ ಕಾಕಾಗೆ ಮೊದಲ ಸಲ ಬಂದಿತ್ತು.

ಡಾಕ್ಟರು ಕೂದಲು ಸರಿಸಿ ನೋಡಿದರು. “ಹಲ್ಲಿನ ಗಾಯ ಮ್ಯಾಲ ಸಣ್ಣದ ಕಾಣ್ತೈತಿ ಕಾಕಾರ, ಒಳಗ ಆಳ ಇರ್ತೈತಿ. ಮ್ಯಾಲ ಮಾಯ್ತಂತ ಬಿಟ್ರ ಎಂಟ ದಿನದಾಗ ಒಳಗ ಕೀವ ಕಟ್ಟಿ ಗಂಟ ಆಗ್ತೈತಿ. ದಿನಾ ಮುಟ್ಟಿ ನೋಡಬೇಕು.”

“ಅದು ನನಗ ಗೊತ್ತೈತ್ರಿ ಸಾಹೇಬ್ರ. ನಾ ರಾಜಿ ಮಾಡ್ಸಿದ್ದ ಅರ್ಧಾ ಕೇಸ ಹಂಗ ಅದಾವ,” ಎಂದರು ಕಾಕಾ. ಜೀವನದಲ್ಲಿ ಅವರು ಇಷ್ಟು ಸತ್ಯ ನುಡಿದದ್ದು ಕಡಿಮೆ.

ಬಳಿಕ ಕಿಸೆಯಿಂದ ಗುಳಿಗೆ ಪಟ್ಟಿ ತೆಗೆದು, “ನನ್ನ ಹಲ್ಲಿಗಿ ಕೊಟ್ಟಿದ್ದು ಉಳದೈತಿ. ಅರ್ಧಾ ಅರ್ಧಾ ಕೊಡ್ಲೇನ್ರಿ?” ಎಂದರು. ಅದು ಅಮಾಕ್ಸಿಸಿಲಿನ್. ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಪೆನಿಸಿಲಿನ್ ಜಾತಿಯ ಔಷಧ ಬಾಯಿಂದ ಹೊಟ್ಟೆಗೆ ಹೋದರೆ ಗಿನಿಪಿಗ್ಗಿನ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು, ಕೆಟ್ಟವು ಬೆಳೆದು ವಿಷ ಕಾರುತ್ತವೆ. ಗಾಯದಿಂದ ಉಳಿದದ್ದು ಗುಳಿಗೆಯಿಂದ ಸಾಯುತ್ತದೆ. ಅದಕ್ಕೆ ಹೊಂದುವ ಔಷಧವೇ ಬೇರೆ, ತೂಕ ನೋಡಿಯೇ ಕೊಡಬೇಕು. ಕಬ್ಬಿನ ಹಂಗಾಮು ಬೇರೆ, ಬೆಲ್ಲದ ಗಾಣಗಳ ನೊಣವೆಲ್ಲ ಊರೊಳಗೆ. ನೊಣ ಕೂತರೆ ಗಾಯದಲ್ಲಿ ಹುಳ ಬೀಳುತ್ತದೆ, ಆದ್ದರಿಂದ ಜಾಳಿಗೆ ಮುಚ್ಚಿಡಬೇಕು. ಮೇವು ಬಿಟ್ಟರೆ ನಾಳೆ ನೋಡೋಣ ಎಂದು ಕೂರಬಾರದು, ಅರ್ಧ ದಿನ ಹೊಟ್ಟೆ ಖಾಲಿಯಾದರೂ ಅಪಾಯ. ದಿನಕ್ಕೊಂದು ತುಂಡು ಪೇರಲ ಹಣ್ಣೋ ಡಬ್ಬು ಮೆಣಸಿನಕಾಯಿಯೋ ಬೇಕೇಬೇಕು. ಮನುಷ್ಯರ ಹಾಗೆ ಈ ಪ್ರಾಣಿಗೂ ಸಿ ಜೀವಸತ್ವವನ್ನು ಮೈಯಲ್ಲಿ ತಯಾರಿಸಿಕೊಳ್ಳಲು ಬರುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಅದರ ಕೊರತೆಯ ರೋಗವನ್ನು ಪ್ರಯೋಗದಲ್ಲಿ ಕಂಡದ್ದೇ ಗಿನಿಪಿಗ್ಗುಗಳಲ್ಲಿ. ಆ ಜೀವಸತ್ವ ಕಡಿಮೆಯಾದರೆ ಗಾಯ ಮಾಯುವುದಿಲ್ಲ. ಕಾಕಾನ ಬೆರಳಿಗೆ? ತಂಬಾಕು ತೆಗೆದು ಸೋಪು ಹಾಕಿ ತೊಳೆದು, ಮನುಷ್ಯರ ದವಾಖಾನೆಗೆ ಹೋಗಿ ಟಿಟಿ ಸೂಜಿ.

ಇಷ್ಟಕ್ಕೂ ಕಾಕಾ ತಲೆಯಾಡಿಸಿದರು. ತಕರಾರು ಶುರುವಾದದ್ದು ಮುಂದೆ.

“ಒಂದ ತಾಟಿನ್ಯಾಗ ಉಣಿಸಿದ್ರ ಸುಧಾರಸ್ತಾವೇನ್ರಿ?”

“ಅದಕ್ಕ ಜಗಳ ಆಗೂದು ಕಾಕಾರ. ಎಲ್ಲಾ ಎರಡೆರಡ ಇಡ್ರಿ. ಎರಡ ಬಟ್ಟಲ, ಎರಡ ನೀರಿನ ಬಾಟ್ಲಿ, ಹುಲ್ಲ ಎರಡ ಕಡೆ, ಅಡಗೂ ಮನಿ ಎರಡ. ಪ್ರತಿ ಮನಿಗೂ ಎರಡ ಬಾಗಲಾ. ಒಂದ ಬಾಗಲಾ ಇದ್ರ ಒಂದು ಅಡ್ಡ ನಿಂತು ಇನ್ನೊಂದನ್ನ ಒಳಗ ಕೂಡಿಸಿ ಹೊಡೀತೈತಿ.”

“ಮದಿವಿ ಮಾಡಿದ್ರ? ಒಂದ್ ಹೆಣ್ಣ ತಂದ ಬಿಟ್ರ ಶಾಂತ ಆಗ್ತಾವಲ್ಲ?” ದಾರಿ ತಪ್ಪಿದ ಹುಡುಗರಿಗೆಲ್ಲ ಕಾಕಾ ಬರೆದುಕೊಡುವ ಚೀಟಿ ಇದು.

ಡಾಕ್ಟರು ನಕ್ಕರು. ಎರಡು ಗಂಡಿನ ನಡುವೆ ಒಂದು ಹೆಣ್ಣು ಬಿಟ್ಟರೆ ಈಗಿನದು ಜಗಳವೇ ಅಲ್ಲ. ಹೆಣ್ಣು ಹೆಚ್ಚುಕಡಿಮೆ ಎರಡು ತಿಂಗಳಿಗೆ ಈಯುತ್ತದೆ, ಈದ ಕೆಲವೇ ತಾಸಿನಲ್ಲಿ ಮತ್ತೆ ಗಬ್ಬವಾಗಬಲ್ಲದು, ಮರಿಗಳೂ ತಿಂಗಳೊಪ್ಪತ್ತಿನಲ್ಲಿ ಪ್ರಾಯಕ್ಕೆ ಬರುತ್ತವೆ. ಕಾಕಾ ಬೆರಳು ಮಡಚಿ ಲೆಕ್ಕ ಹಾಕಿ, “ವರ್ಷದಾಗ ಹೊಸಾ ಗ್ರಾಮ ಪಂಚಾಯ್ತಿನ ಮಾಡಬೇಕಾಗ್ತೈತಿ,” ಎಂದು ಆ ಸಂಬಂಧ ಕೈಬಿಟ್ಟರು.

“ಹಂಗಾರ ಒಂದನ್ನ ಯಾರಿಗರೆ ಕೊಟ್ಟಬಿಡ್ಲಿ?”

“ಒಂದ ಇದ್ರ ಕೊರಗ್ತೈತ್ರಿ. ಜೊತಿ ಬೇಕ ಅದಕ್ಕ. ಸ್ವಿಟ್ಜರ್ಲ್ಯಾಂಡಿನ್ಯಾಗ 2008ರಾಗ ಕಾಯ್ದೆ ಮಾಡ್ಯಾರ, ಗಿನಿಪಿಗ್ ಒಂಟಿ ಸಾಕಂಗಿಲ್ಲ.”

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. “ಅಲ್ಲಿ ಹೆಗ್ಗಣಕ್ಕೂ ಜೋಡಿ ಬೇಕಂತ ಸರಕಾರ ಕಾಯ್ದೆ ಮಾಡ್ತೈತಿ. ಇಲ್ಲಿ ಆರ ಎಕರೆ ನೀರಾವರಿ ಇದ್ದ ಹುಡುಗಗ ಮೂವತ್ತೈದ ದಾಟಿದ್ರೂ ಹೆಣ್ಣ ಕೊಡವಲ್ರು. ಅರ್ಜಿ ಎಲ್ಲಿ ಕೊಡೂದ್ರಿ ಸಾಹೇಬ್ರ?” ಎಮ್ಮೆ ಹಿಡಿದು ನಿಂತ ಹುಡುಗರಲ್ಲಿ ಇಬ್ಬರು ಮುಖ ಆ ಕಡೆ ತಿರುಗಿಸಿದರು.

ಮನೆಗೆ ಬಂದವರೇ ಕಾಕಾ ಟೇಪು ಹಿಡಿದರು. ಗೂಡು ಅಳೆದರೆ ಮೂರು ಚದರಡಿ. ಎರಡು ಗಂಡಿಗೆ ಕನಿಷ್ಠ ಹತ್ತು ಚದರಡಿಯಾದರೂ ಬೇಕು ಎಂದಿದ್ದರು ಡಾಕ್ಟರು. ಗುಂಟೆ ಲೆಕ್ಕದಲ್ಲೇ ಬದುಕಿದ ಕಾಕಾಗೆ ಇದು ನಾಟಿತು: ಗುಂಟೆಯ ನೂರನೇ ಪಾಲೂ ಇಲ್ಲದ ಜಾಗದಲ್ಲಿ ಇಬ್ಬರು ಪ್ರಾಯದ ಗಂಡಸರನ್ನು ಇಟ್ಟು ಶಾಂತಿ ಬಯಸಿದ್ದು ತಮ್ಮ ಮಗನ ತಪ್ಪು. ಪಡಸಾಲೆಯ ಮೂಲೆಯಲ್ಲಿ ಹಲಗೆ ಹೊಡೆಸಿದರು. ನಡುವೆ ತಂತಿ ಜಾಳಿಗೆ. ಈ ಕಡೆಯದಕ್ಕೆ ಆ ಕಡೆಯದು ಕಾಣಬೇಕು, ವಾಸನೆ ಸಿಗಬೇಕು, ಹಲ್ಲು ಸಿಗಬಾರದು. ಹದ್ದುಬಸ್ತು ಮುಗಿದ ಮೇಲೆ ಆ ಜಾಳಿಗೆಗೆ ಕಾಕಾ ಇಟ್ಟ ಹೆಸರು ಮಹಾಜನ ಆಯೋಗ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಆ ಗಡಿ ಆಯೋಗದ ಗೆರೆಯನ್ನು ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಿಂದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಪಡಸಾಲೆಯ ಗೆರೆಯನ್ನು ಎರಡೂ ಕಡೆಯವರು ವಾರದಲ್ಲಿ ಒಪ್ಪಿದರು. ಜಾಳಿಗೆಗೆ ಒತ್ತಿಕೊಂಡೇ ಮಲಗುತ್ತಿದ್ದವು.

ಗಾಯ ಪೂರ್ತಿ ಮಾಯ್ದ ಮೇಲೆ ಒಮ್ಮೆ ಕೂಡಿಸಿ ನೋಡಿದ್ದುಂಟು. ಯಾರ ಜಾಗವೂ ಅಲ್ಲದ ಕಡೆ ಬಿಡಬೇಕು ಎಂದು ಡಾಕ್ಟರು ಹೇಳಿದಾಗ ಕಾಕಾಗೆ ಹಿಗ್ಗು; ಯಾರ ಮನೆಯಲ್ಲೂ ಬೇಡ, ಗುಡಿ ಕಟ್ಟೆಯ ಮೇಲೆಯೇ ಪಂಚಾಯಿತಿ ಎಂಬುದು ಅವರ ಹಳೆಯ ಕರಾರು. ಕಟ್ಟೆಯ ಮೇಲೆ ನಾಯಿಗಳಿದ್ದುದರಿಂದ ಅಡುಗೆಮನೆಯ ನೆಲ ನಿಗದಿಯಾಯಿತು. ನಡುವೆ ಕರಕಿ ಹುಲ್ಲಿನ ರಾಶಿ, ಮೊಮ್ಮಗಳ ಕೈಯಲ್ಲಿ ಟಾವೆಲ್. ಗುರ್‌ಗುರ್ ಎನ್ನುವುದು, ಬೆನ್ನೇರುವುದು, ಅಟ್ಟಾಡಿಸುವುದು ಇದ್ದೇ ಇರುತ್ತದೆ, ಯಾರು ದೊಡ್ಡವರೆಂದು ತೀರ್ಮಾನ ಆಗುವವರೆಗೆ ಬಿಡಬೇಕು, ಹಲ್ಲು ಕಟಕಟಿಸಿ ಕೂದಲು ನಿಂತರೆ ಮಾತ್ರ ಏಳಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇದರಲ್ಲಿ ಕಾಕಾನ ಕಣ್ಣು ತಪ್ಪುವುದಿಲ್ಲ. ಕೂಗಾಡುವವನು ಯಾರು, ತೋಳು ಮಡಚಿ ಹೊಡೆಯುವವನು ಯಾರು ಎಂದು ಅರ್ಧ ಫರ್ಲಾಂಗಿನಿಂದಲೇ ಹೇಳಬಲ್ಲವರು. ಹಿರ್ಯಾ ಆಕಳಿಸಿತು. “ಟಾವೆಲ್ ಹಾಕ್ ಬೇ, ಇದು ನಿದ್ದಿ ಅಲ್ಲ!” ಎಂದು ಕೂಗಿದರು. ರಕ್ತ ಬರಲಿಲ್ಲ. ಜಾಳಿಗೆ ಕಾಯಂ ಆಯಿತು.

ಈಗ ಊರಿಗೆ ಬಂದಿರುವ ಕಷ್ಟ ಬೇರೆ. ಕಾಕಾ ಗಿನಿಪಿಗ್ಗಿನ ಕಾಯಿದೆಯನ್ನು ಮನುಷ್ಯರಿಗೆ ಹಚ್ಚತೊಡಗಿದ್ದಾರೆ. ಬಾವಿ ಪಾಳಿಗೆ ಬಂದ ಅಣ್ಣತಮ್ಮಂದಿರಿಗೆ ಎರಡು ಮೋಟರ್ ಕೂರಿಸಿರೆಂದರು. ಮನೆ ಕಟ್ಟಿಸುವವರ ಹತ್ತಿರ ಹೋಗಿ ಹಿತ್ತಲ ಬಾಗಿಲು ಎಲ್ಲಿದೆ ಎಂದು ಕೇಳುತ್ತಾರೆ. ಒಲೆ ಎರಡಾಗಬಾರದೆಂದು ಜೀವಮಾನವೆಲ್ಲ ಬಡಿದಾಡಿದವರು ಹೋದ ತಿಂಗಳು ಒಂದು ಮನೆಯ ಅತ್ತೆ-ಸೊಸೆಗೆ, “ಎರಡ ಗ್ಯಾಸ್ ತಗೋರಿ, ನಡುವ ಕಿಡಕಿ ಇಡ್ರಿ,” ಎಂದು ತೀರ್ಪು ಕೊಟ್ಟರು. ಸೊಸೆಯಂದಿರ ಲೋಕದಲ್ಲಿ ಕಾಕಾನ ಬೆಲೆ ಒಮ್ಮೆಲೇ ಏರಿದೆ. ಹಳೆಯ ಕೇಸುಗಳನ್ನು ಮರುವಿಚಾರಣೆಗೆ ತರುವವರೂ ಇದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ಜೋಡಿ ಇದ್ದು, ರಕ್ತ ಕಂಡರೆ, ಮೊದಲು ದನದ ದವಾಖಾನೆಗೆ ಹೋಗಿ. ರಾಜಿಗೆ ಅವಸರವಿಲ್ಲ, ಕಾಕಾ ಸಂಜೆ ಐದರ ಮೇಲೆ ಮಾರುತಿ ಗುಡಿಯ ಕಟ್ಟೆಯ ಮೇಲೆ ಸಿಗುತ್ತಾರೆ.