ಏಕಾಂಗಿಶಾಸ್ತ್ರ ಅಥವಾ ನಿರ್ಜನ ತೀರವನ್ನು ತಯಾರಿಸುವ ಕ್ರಮ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿಲ್ಲದೆ ಶಾಸ್ತ್ರ ಆರಂಭಿಸಬಾರದೆಂದು ಹಿರಿಯರು ವಿಧಿಸಿದ್ದಾರೆ. ಅದರಂತೆ ಈ ಶಾಸ್ತ್ರದ ವಿಷಯ: ಮಳೆಗಾಲದಲ್ಲಿ ಕ್ಯಾಮೆರಾ ಮತ್ತು ಡೇರೆ ಹೊತ್ತು ಗೋಕರ್ಣದಿಂದ ದಕ್ಷಿಣಕ್ಕೆ ಒಬ್ಬನೇ ಅಲೆಯುವುದು. ಪ್ರಯೋಜನ: ಮನುಷ್ಯರ ಸುಳಿವಿಲ್ಲದ ಸಮುದ್ರದ ಫೋಟೋ. ಸಂಬಂಧ: ಆ ಫೋಟೋವನ್ನು ಮನುಷ್ಯರಿಗೆ ತೋರಿಸುವುದು. ಇನ್ನು ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನಾದವನು. ಅವನಿಗೆ ಕಂತು ತೀರದ ಕ್ಯಾಮೆರಾ, ಮಂಜೂರಾದ ರಜೆ, ಮನೆಯವರ ಅರೆಸಮ್ಮತಿ, ಸೋಮವಾರ ಬೆಳಗಿನವರೆಗೆ ಬಾಳುವ ವೈರಾಗ್ಯ, ಇವು ನಾಲ್ಕೂ ಇರತಕ್ಕದ್ದು. ಯಾವುದಾದರೂ ಒಂದು ಕಡಿಮೆಯಿದ್ದರೆ ಅವನನ್ನು ಪ್ರವಾಸಿ ಎಂದು ಕರೆದು ಶಾಸ್ತ್ರದಿಂದ ಹೊರಗಿಡಬೇಕು.

ಪ್ರಕರಣ 1: ಕಾಲನಿರ್ಣಯ

ಸೂತ್ರ: ಕಡಲು ಖಾಲಿಯಾಗುವುದು ಆದೇಶದಿಂದ.

ವೃತ್ತಿ: ಜೂನ್ ತಿಂಗಳಲ್ಲಿ ಕೂಡ್ಲೆ ತೀರದ ದಿಬ್ಬದ ಮೇಲೆ ನಿಂತ ಏಕಾಂಗಿ, ದಿಗಂತದ ತನಕ ಒಂದು ಬೋಟೂ ಇಲ್ಲದ್ದನ್ನು ಕಂಡು ‘ಇದೇ ಆದಿಮ ಸಮುದ್ರ’ ಎಂದು ಉದ್ಗರಿಸುತ್ತಾನೆ. ಉದ್ಗಾರ ಸರಿಯಾದದ್ದೇ, ಕಾರಣ ಬೇರೆ. ಮೀನು ಮರಿಮಾಡುವ ಕಾಲವೆಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆದಿಮ ಸಮುದ್ರದ ಬೋಟುಗಳೆಲ್ಲ ತದಡಿ ಬಂದರಿನಲ್ಲಿ ಒಂದಕ್ಕೊಂದು ಮೈತಾಗಿಸಿ ನಿಂತಿರುತ್ತವೆ. ಹೀಗೆ ವರ್ಷಕ್ಕೊಮ್ಮೆ ಸರ್ಕಾರವೇ ಗೆಜೆಟ್ಟಿನ ಮೂಲಕ ಆದಿಮತೆಯನ್ನು ಜಾರಿಗೆ ತರುತ್ತದೆ, ಆಗಸ್ಟ್ 1ಕ್ಕೆ ಹಿಂತೆಗೆದುಕೊಳ್ಳುತ್ತದೆ. ನಿಷೇಧದಿಂದ ವಿನಾಯಿತಿ ಪಡೆದ ನಾಡದೋಣಿಯೊಂದು ಚೌಕಟ್ಟಿನೊಳಗೆ ನುಗ್ಗಿದರೆ ಏನು ಮಾಡಬೇಕೆಂಬುದನ್ನು ನಾಲ್ಕನೆಯ ಪ್ರಕರಣದಲ್ಲಿ ಹೇಳಲಾಗುವುದು.

ಪ್ರಕರಣ 2: ಮೇಘನಿರ್ಣಯ

ಸೂತ್ರ: ಮೋಡ ಒಂದೇ, ಹೆಸರು ಹಲವು.

ವೃತ್ತಿ: 1802ರಲ್ಲಿ ಲಂಡನ್ನಿನ ಲೂಕ್ ಹೊವಾರ್ಡ್ ಮೋಡಗಳಿಗೆ ಲ್ಯಾಟಿನ್ ನಾಮಕರಣ ಮಾಡಿದ. ಆತ ಆಷಾಢದಲ್ಲಿ ಕುಮಟೆಗೆ ಬಂದಿದ್ದರೆ ಒಂದೇ ಹೆಸರಿನಲ್ಲಿ ಕೆಲಸ ಮುಗಿಯುತ್ತಿತ್ತು. ಹವಾಮಾನ ತಜ್ಞರು ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲಿಗೆ ಮೋಡ ಕವಿದಿದೆ ಎಂದು ಅಳೆಯುತ್ತಾರೆ. ಸೊನ್ನೆಯೆಂದರೆ ನಿರಭ್ರ, ಎಂಟೆಂದರೆ ಪೂರ್ತಿ ಮುಸುಕು. ಒಂಬತ್ತು ಎಂಬ ಅಂಕಿಯೂ ಉಂಟು. ಆಕಾಶ ಎಲ್ಲಿದೆಯೆಂದೇ ಕಾಣದಿದ್ದಾಗ ಅದನ್ನು ಬರೆಯುತ್ತಾರೆ. ಎಂಟರಲ್ಲಿ ಒಂಬತ್ತು ಪಾಲು ಹೇಗೆ ಎಂದು ತಾರ್ಕಿಕರು ಕೇಳಬಹುದು. ಓಂ ಬೀಚಿನಲ್ಲಿ ಜುಲೈ ತಿಂಗಳ ಒಂದು ಮಧ್ಯಾಹ್ನ ನಿಂತವರು ಕೇಳುವುದಿಲ್ಲ.

ಇಂಥ ಬೆಳಕಿನಲ್ಲಿ ಕ್ಯಾಮೆರಾದ ನಡವಳಿಕೆ ವೇದಾಂತಿಗಳಿಗೂ ಮಾರ್ಗದರ್ಶಕ. ಅದರ ಬೆಳಕಿನ ಮಾಪಕ, ಎದುರಿಗಿರುವುದೆಲ್ಲ ಶೇಕಡ 18ರಷ್ಟು ಬೆಳಕನ್ನು ಮರಳಿಸುವ ಬೂದು ಎಂದೇ ನಂಬಿರುತ್ತದೆ. ನೊರೆ ತೋರಿಸಿದರೆ ಬೂದಿಗೆ ಇಳಿಸುತ್ತದೆ, ತೊಯ್ದ ಕರಿಬಂಡೆ ತೋರಿಸಿದರೆ ಬೂದಿಗೆ ಏರಿಸುತ್ತದೆ. ಆದ್ದರಿಂದ ನೊರೆ ಬೆಳ್ಳಗಿರಲಿ ಎನ್ನುವವನು ಮಾಪಕ ಹೇಳಿದ್ದಕ್ಕಿಂತ ಒಂದು ಸ್ಟಾಪು ಹೆಚ್ಚು, ಅಂದರೆ ಇಮ್ಮಡಿ, ಬೆಳಕು ಕೊಡಬೇಕು, ಬಂಡೆ ಕಪ್ಪಾಗಿರಲಿ ಎನ್ನುವವನು ಒಂದು ಸ್ಟಾಪು ತಗ್ಗಿಸಬೇಕು. ಎರಡೂ ಬೇಕೆನ್ನುವವನು ಅಕ್ಟೋಬರಿನಲ್ಲಿ ಬರಬೇಕು. ಮಳೆಗಾಲದ ಕರಾವಳಿಯಲ್ಲಿ ಮಾತ್ರ ಕ್ಯಾಮೆರಾದ ನಂಬಿಕೆಯೂ ಲೋಕದ ಸ್ಥಿತಿಯೂ ಒಂದಾಗುತ್ತವೆ: ಸಮುದ್ರ ಬೂದು, ಆಕಾಶ ಬೂದು, ನಡುವಿನ ಗೆರೆ ವಿವಾದಾಸ್ಪದ. ಇದನ್ನೇ ಏಕಾಂಗಿಯು ಫೋಟೋದ ಕೆಳಗೆ ‘ಮೌನ’ ಎಂದು ಬರೆಯುತ್ತಾನೆ. ಆ ಹೊತ್ತಿಗೆ ತೆರೆಗಳ ಅಬ್ಬರದಲ್ಲಿ ಅವನಿಗೆ ತನ್ನ ಫೋನ್ ರಿಂಗಾದದ್ದೂ ಕೇಳಿಸಿರುವುದಿಲ್ಲ.

ಪ್ರಕರಣ 3: ಶಿಬಿರನಿರ್ಣಯ

ಸೂತ್ರ: ಗೂಟ ಊರಿದಲ್ಲಿ ನಿಲ್ಲದು, ನಿಲ್ಲುವಲ್ಲಿ ಊರದು.

ವೃತ್ತಿ: ಕೂಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ಮರಳಿನ ಬಾಗುಗಳನ್ನು ಒಂದರಿಂದೊಂದು ಬೇರ್ಪಡಿಸಿ ನಿಂತಿರುವವು ಮುರಕಲ್ಲಿನ ಗುಡ್ಡಗಳು. 1800-01ರಲ್ಲಿ ಈ ಸೀಮೆಗಳನ್ನು ಸುತ್ತಿ, 1807ರಲ್ಲಿ ಪ್ರವಾಸಕಥನ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ನೆಲದೊಳಗಿರುವಾಗ ಕಬ್ಬಿಣದ ಉಪಕರಣಕ್ಕೆ ಸುಲಭವಾಗಿ ಕೊಯ್ಯಲು ಸಿಗುವ ಇದು ಗಾಳಿಗೆ ಬಿದ್ದರೆ ಇಟ್ಟಿಗೆಯಂತೆ ಬಿರುಸಾಗುತ್ತದೆ ಎಂಬುದನ್ನು ಆತ ಗಮನಿಸಿದ್ದ. ಡೇರೆಯ ಅಲ್ಯೂಮಿನಿಯಂ ಗೂಟ ಅದೇ ಸಂಗತಿಯನ್ನು ಬಾಗುವ ಮೂಲಕ ದೃಢಪಡಿಸುತ್ತದೆ. ಮರಳಿನಲ್ಲಾದರೆ ಗೂಟ ಸಲೀಸಾಗಿ ಇಳಿಯುತ್ತದೆ, ಮೊದಲ ಗಾಳಿಗೆ ಅಷ್ಟೇ ಸಲೀಸಾಗಿ ಏಳುತ್ತದೆ. ಬಲ್ಲವರು ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಾಳ ಹೂಳುತ್ತಾರೆ.

ಬಾಗಿಲಿನ ದಿಕ್ಕಿನ ಬಗ್ಗೆ ಎರಡು ಪಂಥಗಳಿವೆ. ಪಶ್ಚಿಮದ್ವಾರವಾದಿಗಳು ಬಾಗಿಲು ಕಡಲಿಗೇ ತೆರೆಯಬೇಕೆನ್ನುತ್ತಾರೆ. ಡೇರೆ ಮಾರುವ ಜಾಹೀರಾತುಗಳೇ ಅವರಿಗೆ ಪ್ರಮಾಣ. ನೈಋತ್ಯದ ಮಾರುತ ಬರುವುದೂ ಅದೇ ಬಾಗಿಲಿನಿಂದಾದ್ದರಿಂದ ಈ ಪಂಥದವರ ಸಂಖ್ಯೆ ರಾತ್ರಿ ಹತ್ತರ ಸುಮಾರಿಗೆ ಇಳಿಮುಖವಾಗುತ್ತದೆ. ಪೂರ್ವದ್ವಾರವಾದಿಗಳು ಗುಡ್ಡದ ಕಡೆ ಬಾಗಿಲಿಟ್ಟು, ಕಡಲಿಗೆ ಬೆನ್ನು ಹಾಕಿ ಸುಖವಾಗಿ ಮಲಗುತ್ತಾರೆ. ಸಮನ್ವಯಾಚಾರ್ಯರ ಮತದಲ್ಲಿ ಫೋಟೋಕ್ಕೆ ಪಶ್ಚಿಮ, ನಿದ್ದೆಗೆ ಪೂರ್ವ.

ಡೇರೆಯ ಸ್ಥಳ ಭರತದ ಗೆರೆಗಿಂತ ಸಾಕಷ್ಟು ಮೇಲಿರಬೇಕು. ತೆಂಗಿನ ಚಿಪ್ಪು, ಬಲೆಯ ತುಂಡು, ಪ್ಲಾಸ್ಟಿಕ್ ಬಾಟಲಿ, ಒಂಟಿ ಚಪ್ಪಲಿ ಇವುಗಳ ಸಾಲೇ ಆ ಗೆರೆ. (ಇಡೀ ತೀರದಲ್ಲಿ ನಿಸ್ಸಂಶಯವಾಗಿ ಏಕಾಂಗಿ ಎನ್ನಬಹುದಾದದ್ದು ಆ ಚಪ್ಪಲಿ ಮಾತ್ರ.) ಭರತದಿಂದ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ನಿನ್ನೆಯ ಹೊತ್ತಿಗಿಂತ ಇಂದು ನೀರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಗೆ ಬಂದು ನೀರು ಇನ್ನಷ್ಟು ಮೇಲಕ್ಕೇರುತ್ತದೆ. ಏಕಾಂಗಿಯ ಫೋನಿನಲ್ಲಿ ಇದಕ್ಕೊಂದು ಆ್ಯಪ್ ಉಂಟು, ತೋರಿಸಲು ನೆಟ್‌ವರ್ಕ್ ಇಲ್ಲ. ಗೂಡಂಗಡಿಯ ಅಮ್ಮನ ಬಳಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಉಂಟು. “ನಾಡಿದ್ದು ಅಮಾಸೆ. ಅಲ್ಲಿ ಮಲಗ್ಬೇಡಿ, ನೀರು ಬರ್ತದೆ” ಎಂದು ಅವಳು ಚಹಾದ ಜೊತೆಗೆ ಪುಕ್ಕಟೆಯಾಗಿ ಹೇಳುತ್ತಾಳೆ.

ಪ್ರಕರಣ 4: ಜನನಿರ್ಮೂಲನ

ಸೂತ್ರ: ನಡೆಯುವವನು ಮಾಯ, ನಿಂತವನು ಶಾಶ್ವತ.

ವೃತ್ತಿ: ಇದು ಶಾಸ್ತ್ರದ ಹೃದಯಭಾಗ. ಲೆನ್ಸಿನ ಮುಂದೆ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಸಿಕ್ಕಿಸಿದರೆ ಬೆಳಕು 1024ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿನ ಮೂವತ್ತನೇ ಒಂದು ಪಾಲು ಸಾಕಾಗುತ್ತಿದ್ದ ಫೋಟೋಕ್ಕೆ ಈಗ ಸುಮಾರು 34 ಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ತೆರೆಗಳು ಕರಗಿ ಮಂಜಾಗುತ್ತವೆ. ಬೀಸುಬಲೆ ಹೆಗಲಿಗೇರಿಸಿ ಚೌಕಟ್ಟನ್ನು ಅಡ್ಡಹಾಯ್ದ ಮನುಷ್ಯ ಎಲ್ಲೂ ಅಚ್ಚಾಗದೆ ಅಳಿಸಿಹೋಗುತ್ತಾನೆ. ಆದರೆ ‘ಇವರು ಎಂಥದು ಮಾಡ್ತಿದ್ದಾರೆ?’ ಎಂದು ಕುತೂಹಲದಿಂದ ನೋಡುತ್ತ ನಿಂತವನು ಪೂರ್ತಿ 34 ಸೆಕೆಂಡು ಅಲುಗಾಡದೆ, ಬಂಡೆಗಿಂತ ಸ್ಪಷ್ಟವಾಗಿ ಮೂಡುತ್ತಾನೆ. ಅಂದರೆ ಈ ಯಂತ್ರ ದುಡಿಯುವವರನ್ನು ಅಳಿಸಿ, ಏಕಾಂಗಿಯನ್ನು ನೋಡಿ ನಗುವವರನ್ನು ಮಾತ್ರ ಉಳಿಸುತ್ತದೆ. ಉಳಿದವರನ್ನು ಬೆಂಗಳೂರಿಗೆ ಮರಳಿದ ಮೇಲೆ ಕಂಪ್ಯೂಟರಿನಲ್ಲಿ ತೆಗೆಯತಕ್ಕದ್ದು. ವಿನಾಯಿತಿ ಪಡೆದ ನಾಡದೋಣಿಗೂ ಇದೇ ವಿಧಿ.

ಇದು ಮೋಸವೆಂದು ಅಂಜಬೇಕಿಲ್ಲ; ಪರಂಪರೆಯ ಬೆಂಬಲವಿದೆ. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಖ್ 1808ರಿಂದ 1810ರ ನಡುವೆ ಬರೆದ ‘ಕಡಲತೀರದ ಸನ್ಯಾಸಿ’ ಚಿತ್ರ ಏಕಾಂಗಿಗಳ ಪಾಲಿಗೆ ಮೂಲವಿಗ್ರಹ. ಅಪಾರ ಮೋಡ, ಕಪ್ಪು ಸಮುದ್ರ, ಬೆರಳಷ್ಟು ಮನುಷ್ಯ. ಅದನ್ನು ಅತಿಗೆಂಪು ಕಿರಣದಲ್ಲಿ ನೋಡಿದಾಗ, ಕಲಾವಿದ ಸಮುದ್ರದ ಮೇಲೆ ಮೊದಲು ಹಡಗುಗಳನ್ನು ಗುರುತುಹಾಕಿಕೊಂಡಿದ್ದು, ಆಮೇಲೆ ಕೈಬಿಟ್ಟದ್ದು ಕಂಡುಬಂತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಸುಮಾರಿಗೆ ತೆಗೆದ ಸಮುದ್ರದ ಫೋಟೋಗಳು ಜನರನ್ನು ಬೆರಗುಗೊಳಿಸಿದವು. ಆ ಕಾಲದ ಗಾಜಿನ ಫಲಕದಲ್ಲಿ ಸಮುದ್ರಕ್ಕೆ ಹೊಂದಿಸಿದರೆ ಆಕಾಶ ಬಿಳಿಚಿಹೋಗುತ್ತಿತ್ತು. ಹಾಗಾಗಿ ಆತ ಕೆಲವು ಚಿತ್ರಗಳಲ್ಲಿ ಒಂದು ನೆಗೆಟಿವ್‌ನಿಂದ ಆಕಾಶ, ಇನ್ನೊಂದರಿಂದ ಸಮುದ್ರ ತೆಗೆದು, ದಿಗಂತದಲ್ಲಿ ಎರಡನ್ನೂ ಬೆಸೆದ. ಒಬ್ಬ ಹಡಗು ತೆಗೆದ, ಇನ್ನೊಬ್ಬ ಮೋಡ ಸೇರಿಸಿದ. ನಮ್ಮವನು ನಾಡದೋಣಿಯೊಂದನ್ನು ಅಳಿಸಿದರೆ ಅದು ಸಂಪ್ರದಾಯಪಾಲನೆ.

ಪ್ರಕರಣ 5: ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷವನ್ನು ಮಂಡಿಸುವವಳು ಅದೇ ಗೂಡಂಗಡಿಯ ಅಮ್ಮ. “ಒಬ್ರೇ ಬಂದ್ರಾ? ಮನೇಲಿ ಹೇಳಿ ಬಂದ್ರಾ?” ಎಂಬ ಎರಡು ಪ್ರಶ್ನೆಗಳಲ್ಲಿ ಶಾಸ್ತ್ರದ ಬುಡವೇ ಅಲುಗಾಡುತ್ತದೆ. ಮೊದಲನೆಯದಕ್ಕೆ ಹೌದು ಎಂದರೆ ಎರಡನೆಯದಕ್ಕೂ ಉತ್ತರಿಸಬೇಕು. ಎರಡನೆಯದಕ್ಕೆ ಹೌದು ಎಂದರೆ ಮೊದಲನೆಯದು ಪೂರ್ತಿ ಹೌದಾಗಿ ಉಳಿಯುವುದಿಲ್ಲ.

ಪೂರ್ವಪಕ್ಷ ಇನ್ನೂ ಮುಂದುವರಿಯುತ್ತದೆ. ಬ್ಯಾಗು ದೊಡ್ಡದೆಂದು ಗೊಣಗುತ್ತಲೇ ಸೀಟಿನ ಕೆಳಗೆ ತಳ್ಳಿಕೊಟ್ಟ ಕಂಡಕ್ಟರ್, ಬಂಡೆಯ ತುದಿಗೆ ಹೋದಾಗಲೆಲ್ಲ ಸೀಟಿ ಊದಿದ ಜೀವರಕ್ಷಕ, ಒದ್ದೆ ಕಟ್ಟಿಗೆ ಹತ್ತದೆಂದು ಒಣ ಚಿಪ್ಪು ಕೊಟ್ಟವರು, ಅಘನಾಶಿನಿ ದಾಟಿಸಿದ ತಾರಿಯವನು, ರಾತ್ರಿಯಿಡೀ ಡೇರೆಯ ಹೊರಗೆ ಮಲಗಿದ ನಾಯಿ, ಇವರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಈ ಪ್ರವಾಸ ಸಣ್ಣದೊಂದು ಮದುವೆ ದಿಬ್ಬಣ. ಬೆಲೆಕಾನಿನಲ್ಲಿ ಚಪ್ಪರದಡಿ ಕೂತು ಬಲೆ ನೇಯುವವರ ದೃಷ್ಟಿಯಿಂದಂತೂ ತೀರ ನಿರ್ಜನವಾಗಿದ್ದದ್ದೇ ಇಲ್ಲ. ಅವರೆಲ್ಲ ಅಲ್ಲೇ ಇದ್ದರು, ಈಗ ಒಬ್ಬರು ಜಾಸ್ತಿಯಾಗಿದ್ದಾರೆ, ಅಷ್ಟೆ.

ಸಿದ್ಧಾಂತ: ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪತಕ್ಕದ್ದು. ನಿರ್ಜನ ತೀರ ಸಾಧ್ಯವಾಗುವುದು ಅಲ್ಲಿ ಜನರಿರುವುದರಿಂದಲೇ. ನಿಜಕ್ಕೂ ಯಾರೂ ಇಲ್ಲದ ತೀರದಲ್ಲಿ ಅಮಾವಾಸ್ಯೆಯ ಸುದ್ದಿ ಹೇಳುವವರಿರುವುದಿಲ್ಲ. ಏಕಾಂಗಿಯೂ ಅವನ ಕ್ಯಾಮೆರಾವೂ ನೀರುಪಾಲಾಗಿ, ನಿರ್ಜನತೆಗೆ ಸಾಕ್ಷಿಯೇ ಉಳಿಯದು. ಸಾಕ್ಷಿಯಿಲ್ಲದ್ದನ್ನು ಶಾಸ್ತ್ರ ಒಪ್ಪುವುದಿಲ್ಲ. ಆದ್ದರಿಂದ ಏಕಾಂತವೆಂದರೆ ಹಲವರು ಸೇರಿ ಒಬ್ಬನಿಗೆ ಮಾಡಿಕೊಡುವ ಏರ್ಪಾಡು. ಏರ್ಪಾಡು ಮಾಡಿದವರು ಫೋಟೋದಲ್ಲಿ ಇರಬಾರದೆಂಬುದು ಅದರ ಏಕೈಕ ಷರತ್ತು.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರ ಲೆನ್ಸಿಗೆ ಬೂಷ್ಟು ಹಿಡಿಯದು, ಸಿಲಿಕಾ ಜೆಲ್ ಬದಲಿಸುತ್ತಿದ್ದರೆ. ಗಟ್ಟಿಯಾಗಿ ಓದಿದವರ ಡೇರೆ ಹಾರದು, ಮರಳಿನ ಚೀಲ ಹೂತಿದ್ದರೆ. ಬರೆದು ಹಂಚಿದವರಿಗೆ ರಜೆ ಬೇಗ ಮಂಜೂರಾಗುತ್ತದೆ. ನಾಡದೋಣಿಯನ್ನು ಅಳಿಸದೆ ಹಾಗೇ ಬಿಟ್ಟವರ ಫೋಟೋಕ್ಕೆ ಲೈಕು ಕಡಿಮೆ ಬೀಳುವುದು ಖಂಡಿತ. ಆದರೆ ಮುಂದಿನ ಮಳೆಗಾಲಕ್ಕೆ ಗೂಡಂಗಡಿಯಲ್ಲಿ ಅವರಿಗೆ ಚಹಾ ಸಾಲಕ್ಕೆ ಸಿಗುತ್ತದೆ.