ಅಪ್ಪನಾದ ಅಳಿಯಂದಿರು

ಹೊಸದಾಗಿ ಅಪ್ಪನಾದವನನ್ನು ಗುರುತಿಸಲು ಅವನ ಜೊತೆ ಮಗು ಇರಲೇಬೇಕೆಂದಿಲ್ಲ. ದರ್ಶಿನಿಯಲ್ಲಿ ಟೋಕನ್ ಹಿಡಿದು ನಿಂತಾಗಲೂ ಅವನ ಸೊಂಟ ಎಡಕ್ಕೂ ಬಲಕ್ಕೂ ತೂಗುತ್ತಿರುತ್ತದೆ. ಇಡ್ಲಿ ಪಾರ್ಸೆಲ್ ಕೈಗೆ ಬಂದರೆ ಅದರ ಬೆನ್ನನ್ನೂ ಎರಡು ಸಲ ಮೆತ್ತಗೆ ತಟ್ಟುತ್ತಾನೆ. ಇಸ್ತ್ರಿ ಮಾಡಿದ ಶರಟಿನ ಎಡ ಹೆಗಲ ಮೇಲೆ ಹಾಲು ಕಕ್ಕಿದ ಕಲೆ ಇರುತ್ತದೆ. "ಮಗೂಗೆ ಎಷ್ಟು ತಿಂಗಳು?" ಅಂತ ಕೇಳಿದರೆ "ಏಳು ವಾರ" ಅನ್ನುತ್ತಾನೆ. ರಾತ್ರಿಗಳನ್ನು ಗಂಟೆಗಂಟೆಗೆ ಎಣಿಸುವವನಿಗೆ ತಿಂಗಳು ಬಹಳ ದೊಡ್ಡ ಅಳತೆ.

ಹೆಂಡತಿ ಬಾಣಂತನಕ್ಕೆ ಶಿವಮೊಗ್ಗದ ತವರಿನಲ್ಲಿದ್ದಾಳೆ. ಶುಕ್ರವಾರ ಸಂಜೆ ಬೆಂಗಳೂರಿನಲ್ಲಿ ಬಸ್ಸು ಹತ್ತುವ ನಮ್ಮ ನಾಯಕ, ಇಳಿಯುವಷ್ಟರಲ್ಲಿ ಶಿಶುವಿನ ಅಳುವಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಫೋನಿನಲ್ಲಿ ಓದಿ ಮುಗಿಸಿರುತ್ತಾನೆ. ಮಾವನ ಮನೆಯ ಹೊಸ್ತಿಲಲ್ಲೇ ಉಪನ್ಯಾಸ ಶುರು. ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, ಹೀಗೆ 3 ವಾರ ಮೀರಿ ಅತ್ತರೆ ಅದು ಕಾಲಿಕ್. 1954ರಲ್ಲೇ ವೆಸೆಲ್ ಎಂಬ ಅಮೆರಿಕದ ವೈದ್ಯರು ಲೆಕ್ಕ ಕಟ್ಟಿಟ್ಟಿದ್ದಾರೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಹೌದಾ? ಮೊದಲು ಕೈಕಾಲು ತೊಳ್ಕೊಂಡು ಬನ್ನಿ ಅಳಿಯಂದ್ರೇ, ಆಮೇಲೆ ಮಗು ಮುಟ್ಟೋರಂತೆ" ಅನ್ನುತ್ತಾರೆ.

ಮನೆಯೊಳಗೆ ವೆಸೆಲ್ ಸಾಹೇಬರಿಗೆ ಪ್ರತಿಸ್ಪರ್ಧಿಗಳು ಬಹಳ. ಅತ್ತೆಯ ಪ್ರಕಾರ ಅದು ಗ್ಯಾಸು. ಮಾವನ ಪ್ರಕಾರ ಫ್ಯಾನಿನ ಗಾಳಿ. ನೋಡಲು ಬಂದ ಪಕ್ಕದ ಮನೆಯವರು "ಹಾಲು ಸಾಲ್ತಿಲ್ವೇನೋ" ಎಂದು ಒಂದು ಮಾತು ಎಸೆದು, ಕಾಫಿ ಕುಡಿದು ಹೋಗುತ್ತಾರೆ. ಆ ಮಾತಿಗೆ ಬಾಣಂತಿ ಒಬ್ಬಳೇ ಕೂತು ಅಳುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಜ್ಜಿಗೆ ಮಾತ್ರ ಅನುಮಾನವೇ ಇಲ್ಲ: ದೃಷ್ಟಿ! ಕಲ್ಲುಪ್ಪು, ಒಣಮೆಣಸಿನಕಾಯಿ ಇಳಿ ತೆಗೆದು ಕೆಂಡಕ್ಕೆ ಹಾಕಿ, "ನೋಡ್ರೇ, ಒಂದು ಚೂರಾದರೂ ಘಾಟು ಬಂತಾ? ಎಷ್ಟು ದೃಷ್ಟಿ ಆಗಿತ್ತು!" ಎಂದು ಘೋಷಿಸುತ್ತಾರೆ. ಘಾಟು ಹೊಸ ಅಪ್ಪನ ಗಂಟಲಿಗೆ ಚೆನ್ನಾಗಿಯೇ ಬಂದಿರುತ್ತದೆ. ಆದರೆ ಅಳಿಯನಾದವನು ಆ ಗಳಿಗೆಯಲ್ಲಿ ಕೆಮ್ಮುವಂತಿಲ್ಲ.

ಅತ್ತೆ ಗ್ರೈಪ್ ವಾಟರ್ ಬಾಟಲಿ ತೆಗೆದಾಗ ಅವನಿಗೆ ಮತ್ತೆ ಧೈರ್ಯ ಬರುತ್ತದೆ. "ಇದು 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು ಅತ್ತೆ, ಆಗ ಇದರಲ್ಲಿ ಮದ್ಯಸಾರವೂ ಇತ್ತು. 6 ತಿಂಗಳು ತುಂಬೋವರೆಗೆ ತಾಯಿಹಾಲು ಬಿಟ್ಟು ನೀರು ಕೂಡ ಬೇಡ ಅಂತಾರೆ ಡಾಕ್ಟರು." ಅತ್ತೆ ಮಗಳ ಕಡೆ ಕೈ ತೋರಿಸುತ್ತಾರೆ: "ಇವಳಿಗೆ ಕುಡಿಸಿಯೇ ಬೆಳೆಸಿದ್ದು. ನಿಮಗೇನು ಕಮ್ಮಿ ಆಗಿದೆ ಹೇಳಿ." ಇದಕ್ಕೆ ಉತ್ತರ ಕೊಟ್ಟು ಬದುಕಿದ ಅಳಿಯ ಇನ್ನೂ ಹುಟ್ಟಿಲ್ಲ.

ಸೋತವನು ಫೋನಿನಲ್ಲಿ ಕೋಷ್ಟಕ ತೆರೆಯುತ್ತಾನೆ. ಅತ್ತ ಹೊತ್ತು, ನಿಲ್ಲಿಸಿದ ಹೊತ್ತು, ಕಾರಣ. ಹಸಿವು, ಒದ್ದೆ, ತೇಗು ಬಂದಿಲ್ಲ, ನಿದ್ದೆಗೆಟ್ಟಿದೆ ಅಂತ ಕಾರಣಗಳ ಪಟ್ಟಿಯೂ ಸಿದ್ಧ. ಎರಡು ವಾರ ಕಳೆದು ಒಟ್ಟು ಹಾಕಿದರೆ ‘ಗೊತ್ತಾಗಲಿಲ್ಲ’ ಎಂಬುದೇ ಬಹುಮತದಿಂದ ಗೆದ್ದಿರುತ್ತದೆ.

ಅವನ ನಿಜವಾದ ಪ್ರತಿಭೆ ಬೆಳಗುವುದು ನಡುರಾತ್ರಿ. ಅಳುವ ಮಗುವನ್ನು ಎತ್ತಿಕೊಂಡು 5 ನಿಮಿಷ ನಡೆಯಬೇಕು, ನಿದ್ದೆ ಹತ್ತಿದರೂ ಕೂಡಲೇ ಮಲಗಿಸದೆ 5ರಿಂದ 8 ನಿಮಿಷ ಎತ್ತಿಕೊಂಡೇ ಕೂರಬೇಕು ಎಂದು ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ್ದಾರೆ. ಅವನು ಹಜಾರದಿಂದ ಹಿತ್ತಿಲ ಬಾಗಿಲಿಗೆ, ಹಿತ್ತಿಲ ಬಾಗಿಲಿನಿಂದ ಹಜಾರಕ್ಕೆ ನಡೆಯುತ್ತಾನೆ. ಲಾಲಿಹಾಡು ಬಾರದ್ದರಿಂದ ಬಸ್ಸಿನಲ್ಲಿ ಕೇಳಿದ ನಿಲ್ದಾಣಗಳ ಹೆಸರನ್ನೇ ರಾಗವಾಗಿ ಹೇಳುತ್ತಾನೆ: ತುಮಕೂರು, ತಿಪಟೂರು, ಅರಸೀಕೆರೆ, ಕಡೂರು. ತರೀಕೆರೆಗೆ ಮಗುವಿನ ಕಣ್ಣು ಮುಚ್ಚುತ್ತದೆ. ಜಪಾನೀಯರು ಹೇಳಿದಷ್ಟು ಹೊತ್ತು ಕೂತು, ತೊಟ್ಟಿಲ ಮುಂದೆ ಬಗ್ಗುತ್ತಾನೆ. ಮೊದಲು ಸೊಂಟ, ಆಮೇಲೆ ಬೆನ್ನು, ಕೊನೆಗೆ ತಲೆ. ತಲೆಯ ಕೆಳಗಿನ ಅಂಗೈಯನ್ನು ಒಂದೊಂದೇ ಬೆರಳಾಗಿ ಈಚೆ ಎಳೆದುಕೊಳ್ಳುತ್ತಾನೆ. ಕಿರುಬೆರಳು ಬಂತು, ಉಂಗುರದ ಬೆರಳು ಬಂತು, ಐದೂ ಬಂದವು. ಉಸಿರು ಬಿಗಿಹಿಡಿದು ನೆಟ್ಟಗಾಗುವಾಗ ಅವನ ಮಂಡಿಯೇ ‘ಲಟಕ್’ ಅನ್ನುತ್ತದೆ. ಮಗು ಕಣ್ಣು ಬಿಟ್ಟು, ಅಪ್ಪನನ್ನು ಒಮ್ಮೆ ನೋಡಿ, ತುಟಿ ಸೊಟ್ಟ ಮಾಡಿ, ಬಿಟ್ಟ ಶ್ರುತಿಯಲ್ಲೇ ಮತ್ತೆ ಹಿಡಿಯುತ್ತದೆ. ಮತ್ತೆ ತುಮಕೂರು.

ಸೋಮವಾರ ಬೆಳಿಗ್ಗೆ ಆಫೀಸು. ಕೇಂದ್ರ ಸರ್ಕಾರದ ನೌಕರನಾದರೆ ಅಪ್ಪನಿಗೆ 15 ದಿನ ಪಿತೃತ್ವ ರಜೆ ಉಂಟು. ಖಾಸಗಿ ಕಂಪನಿಯಲ್ಲಿ ಅದು ಮಾಲೀಕರ ದೊಡ್ಡ ಮನಸ್ಸಿಗೆ ಬಿಟ್ಟದ್ದು. ಮೀಟಿಂಗಿನಲ್ಲಿ ಅವನು ತೂಕಡಿಸುತ್ತಾನೆ. ಮ್ಯಾನೇಜರು ದನಿ ಏರಿಸಿದರೆ ಗಾಬರಿಯಿಂದ ‘ಶ್ಶ್’ ಅಂದುಬಿಡುತ್ತಾನೆ.

ಮೂರು ತಿಂಗಳು ದಾಟಿ ನಾಲ್ಕು ಹತ್ತಿರ ಬರುವಾಗ ಪವಾಡ ನಡೆಯುತ್ತದೆ. ಮಗುವಿನ ಅಳು ಇಳಿಯುತ್ತದೆ. ಅಜ್ಜಿ ಇಳಿ ತೆಗೆದ ಫಲ ಅನ್ನುತ್ತಾರೆ, ಅತ್ತೆ ತಾವು ಹೊಟ್ಟೆಗೆ ಸವರಿದ ಇಂಗಿನ ಗುಣ ಅನ್ನುತ್ತಾರೆ, ಮಾವ ಫ್ಯಾನು ಆರಿಸಿದ್ದನ್ನು ನೆನಪಿಸುತ್ತಾರೆ, ಅಳಿಯ ಕೋಷ್ಟಕ ತೋರಿಸುತ್ತಾನೆ. ಶಿಶುಗಳ ಅಳು ಆರನೆಯ ವಾರದ ಸುಮಾರಿಗೆ ತಾರಕಕ್ಕೇರಿ ಈ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ ಎಂದು ಅವನೇ ಬಸ್ಸಿನಲ್ಲಿ ಓದಿದ್ದ. ಗೆಲುವಿನ ಸಂಭ್ರಮದಲ್ಲಿ ಅದು ಮರೆತುಹೋಗಿದೆ.

ನಗೆ ಬದಿಗಿರಲಿ, ಅವನು ಮಾಡಿದ್ದರಲ್ಲಿ ಒಂದು ಕೆಲಸ ಅಪ್ಪಟ ಚಿನ್ನ. ಅವನು ಹಜಾರ ಸುತ್ತಿದಷ್ಟು ಹೊತ್ತು ಹೆಂಡತಿ ಮಲಗಿದ್ದಳು. ಆದ್ದರಿಂದ ಬಾಣಂತಿ ಮನೆಗೆ ಹೋಗುವ ಮಹನೀಯರಲ್ಲಿ ಒಂದು ಅರಿಕೆ. ಮಗು ಜ್ವರದಿಂದಲೋ ಹಾಲು ಬಿಟ್ಟೋ ಅಳುತ್ತಿದ್ದರೆ ಡಾಕ್ಟರ ಹತ್ತಿರ ಕಳಿಸಿ. ಮನೆಯವರಿಗೆ ಸಹನೆ ಕೆಟ್ಟರೆ ಮಗುವನ್ನು ಹಿಡಿದು ಅಲುಗಾಡಿಸದೆ, ಅಂಗಾತ ಮಲಗಿಸಿ ಎರಡು ನಿಮಿಷ ಹೊರಗೆ ಹೋಗಿ ಬರಲು ಹೇಳಿ. ಬಾಕಿ ಕಾರಣಗಳನ್ನೆಲ್ಲ ನಿಮ್ಮಲ್ಲೇ ಇಟ್ಟುಕೊಳ್ಳಿ. ಕೈ ತೊಳೆದು, ಮಗುವನ್ನು ಅರ್ಧ ಗಂಟೆ ಎತ್ತಿಕೊಂಡು, ತಾಯಿಯನ್ನು ಮಲಗಲು ಬಿಡಿ. ಕಾಫಿ ನೀವೇ ಮಾಡಿಕೊಳ್ಳಿ, ಅಳಿಯಂದಿರಿಗೂ ಒಂದು ಲೋಟ ಕೊಡಿ.